ಸೀಟು ನಿಶ್ಚಯವಾಗುವವರೆಗೆ

ತಾಳಿದವನು ಬಾಳಿಯಾನು ಎಂದರು ಹಿರಿಯರು. ತಾಳುವುದೆಂದರೆ ಕೈಕಟ್ಟಿ ಕೂಡುವುದೆಂದು ಅವರ ಅಭಿಪ್ರಾಯವಾಗಿರಲಿಲ್ಲ. ಪಿ.ಯು.ಸಿ. ಮುಗಿಸಿದ ಮಗನೋ ಮಗಳೋ ಇರುವ ಮನೆಯವರು ಇದನ್ನು ಬೇಸಗೆಯಿಂದ ಶ್ರಾವಣದವರೆಗೂ ನೆನಪಿನಲ್ಲಿಡಬೇಕು. ಪರೀಕ್ಷೆ ಮುಗಿದಿದೆ, ರ‍್ಯಾಂಕೂ ತಿಳಿದಿದೆ. ಸೀಟು ಮಾತ್ರ ತಿಳಿಯದು. ಕೊಪ್ಪಳವೋ ಕಲಬುರಗಿಯೋ, ಶುಲ್ಕ ಎಷ್ಟೋ ಎಂಬ ಚಿಂತೆಯಲ್ಲಿ ಮನೆಮಂದಿಗೆಲ್ಲ ನಿದ್ರೆ ಇಲ್ಲದಾಗುತ್ತದೆ.

1994ರಲ್ಲಿ ಸಿ.ಇ.ಟಿ. ಆರಂಭವಾದ ಮೇಲೆ ಅನೇಕ ವರ್ಷ ತಂದೆ-ಮಕ್ಕಳು ಬೆಂಗಳೂರಿಗೆ ಹೋಗಿ, ಸರದಿ ಬಂದಾಗ ಗಣಕಯಂತ್ರದ ಮುಂದೆ ಕುಳಿತು, ಉಳಿದಿರುವ ಸೀಟುಗಳಲ್ಲಿ ಒಂದನ್ನು ಆರಿಸಿಕೊಂಡು ಬರುತ್ತಿದ್ದರು. ಈಗ ಕುಷ್ಟಗಿಯಲ್ಲಿದ್ದೇ ಆಯ್ಕೆಗಳನ್ನು ದಾಖಲಿಸಬಹುದು. ಖರ್ಚು ಉಳಿಯಿತು, ಆದರೆ ಅಣಕು ಹಂಚಿಕೆ, ಮೊದಲ ಸುತ್ತು, ಎರಡನೆಯ ಸುತ್ತು ಎಂದು ಕಾಯುವ ಕಾಲ ಬೆಳೆಯಿತು. 2024ರಲ್ಲಂತೂ ನೀಟ್ ಫಲಿತಾಂಶ ಜೂನ್ 4ರಂದು ಪ್ರಕಟವಾಗಿ ವಿವಾದಕ್ಕೀಡಾಯಿತು. ಮರುಪರೀಕ್ಷೆ ಬೇಕಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಹೇಳಿದ್ದು ಜುಲೈ 23ರಂದು. ಪರಿಷ್ಕೃತ ಫಲಿತಾಂಶ ಬಂದದ್ದು ಜುಲೈ 26ರಂದು. ಆ ಏಳು ವಾರ ಚೆನ್ನಾಗಿ ಓದಿದ ಮಕ್ಕಳಿಗೂ ತಮ್ಮ ಸ್ಥಿತಿ ತಿಳಿಯಲಿಲ್ಲ.

ಇಂಥ ಹೊತ್ತಿನಲ್ಲಿ ನಮ್ಮ ಕೈಯಲ್ಲಿರುವುದು ಯಾವುದು, ಇಲ್ಲದ್ದು ಯಾವುದು ಎಂಬುದನ್ನು ಮೊದಲು ವಿಂಗಡಿಸಬೇಕು. ಯಲಬುರ್ಗಾದ ಎರೆಹೊಲದ ಒಕ್ಕಲಿಗ ಮಳೆಯನ್ನು ಕರೆತರಲಾರ. ಆದರೆ ಹೊಲ ಹರಗಿ, ಬೀಜ ಕೂಡಿಸಿ ಸಿದ್ಧನಾಗಿರುತ್ತಾನೆ. ಹೆಸರಿನ ಹದ ತಪ್ಪಿದರೆ ಸಜ್ಜೆ, ಅದೂ ತಪ್ಪಿದರೆ ಹಿಂಗಾರಿಗೆ ಜೋಳ, ಕಡಲೆ ಎಂಬ ಅನುಕ್ರಮ ಅವನ ಮನಸ್ಸಿನಲ್ಲಿರುತ್ತದೆ. ಆಯ್ಕೆಗಳ ಪಟ್ಟಿಯೂ ಹಾಗೆಯೇ. ಮಗುವಿಗೆ ಯಾವುದು ಹೆಚ್ಚು ಬೇಕೋ ಅದೇ ಮೇಲಿರಬೇಕು. ಸಿಕ್ಕರೂ ಸೇರಲಾರೆವೆಂಬ ಕಾಲೇಜನ್ನು ಬರೆಯಲೇಬಾರದು. ಅಣಕು ಹಂಚಿಕೆ ನಿಜವಾದ ಸೀಟಲ್ಲ. ಅದನ್ನು ನೋಡಿ ಅನುಕ್ರಮವನ್ನು ತಿದ್ದಿಕೊಳ್ಳಲು ಅವಕಾಶವಿರುತ್ತದೆ. ಆದುದರಿಂದ ಅದಕ್ಕೆ ಹಿಗ್ಗುವುದೂ ಬೇಡ, ಅಳುವುದೂ ಬೇಡ.

ಮೊದಲ ಸುತ್ತಿನ ಸೀಟು ಬಂದಾಗ ಒತ್ತಬೇಕಾದ ಗುಂಡಿಯೇ ನಿಜವಾದ ಪರೀಕ್ಷೆ. ಒಂದನೆಯದು, ಒಪ್ಪಿ ಸೇರುವುದು. ಎರಡನೆಯದು, ಬಂದುದನ್ನು ಹಿಡಿದುಕೊಂಡೇ ಮೇಲಿನದಕ್ಕೆ ಕಾಯುವುದು. ಮೇಲಿನದು ದೊರೆತರೆ ಮೊದಲಿನದು ತಾನಾಗಿ ರದ್ದಾಗುತ್ತದೆ. ಮೂರನೆಯದು, ಬಂದುದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕನೆಯದು, ಪೂರ್ತಿ ಹೊರಬರುವುದು. ಎರಡಕ್ಕೂ ಮೂರಕ್ಕೂ ಇರುವ ಅಂತರವನ್ನು ತಿಳಿಯದೆ ಒತ್ತಿದರೆ ಕೈಯೊಳಗಿನ ಸೀಟೇ ಹೋದೀತು. ಆಯಾ ವರ್ಷದ ಸೂಚನೆಯನ್ನು ಮನೆಮಂದಿ ಕೂಡಿ ಓದಿ, ಫಲಿತಾಂಶಕ್ಕೆ ಮುಂಚೆಯೇ ನಿರ್ಧರಿಸುವುದು ಲೇಸು.

ನಮ್ಮ ಜಿಲ್ಲೆಯವರು ಇನ್ನೊಂದನ್ನು ಮರೆಯಬಾರದು. ಸಂವಿಧಾನದ 371(ಜೆ) ವಿಧಿಯನ್ವಯ 2013ರ ಆದೇಶದಂತೆ ಕಲ್ಯಾಣ ಕರ್ನಾಟಕದ ಕಾಲೇಜುಗಳ ಸರ್ಕಾರಿ ಪಾಲಿನ ಸೀಟುಗಳಲ್ಲಿ ಶೇಕಡಾ 70, ಹೊರಗಿನ ಕಾಲೇಜುಗಳಲ್ಲಿ ಶೇಕಡಾ 8 ಈ ಭಾಗದ ಮಕ್ಕಳಿಗೆ ಮೀಸಲು. 2015ರಲ್ಲಿ ಆರಂಭವಾದ ಕೊಪ್ಪಳದ ವೈದ್ಯಕೀಯ ಕಾಲೇಜೂ, ಗಂಗಾವತಿ, ತಳಕಲ್ಲುಗಳ ಸರ್ಕಾರಿ ಇಂಜಿನಿಯರಿಂಗ್ ಕಾಲೇಜುಗಳೂ ಮನೆಯ ಸಮೀಪದಲ್ಲೇ ಇವೆ. ಅರ್ಹತಾ ಪ್ರಮಾಣಪತ್ರವನ್ನು ಮೊದಲೇ ಪಡೆದಿರಿಸಿಕೊಳ್ಳಬೇಕು.

ಇಷ್ಟಾದ ಮೇಲೆ ಉಳಿದುದು ಮನೆಯ ಮಾತು. “ಅವರ ಮಗನಿಗೆ ಬಂತಂತೆ, ನಿನಗಿನ್ನೂ ಇಲ್ಲವೇ?” ಎಂದು ಬಂಧುಗಳು ಕೇಳುವಾಗ ಉತ್ತರಿಸಬೇಕಾದವರು ತಂದೆತಾಯಿಗಳು, ಮಗುವಲ್ಲ. ಮಾನಕ್ಕಾಗಿ ಹೊಲ ಮಾರಿ ಸೀಟು ಕೊಳ್ಳುವ ಮಾತನ್ನು ಆಡಿದರೆ ಆ ಹೊಲದ ಭಾರವೆಲ್ಲ ಹದಿನೆಂಟರ ಹೆಗಲಿಗೆ ಬೀಳುತ್ತದೆ. ಮಗಳ ಸೀಟು ತಡವಾಯಿತೆಂದು ಅಷ್ಟರಲ್ಲೇ ವರ ನೋಡಹೊರಡುವುದಂತೂ ಅನ್ಯಾಯ. ಊಟ ಬಿಟ್ಟು, ಮಾತು ಬಿಟ್ಟು ಮಗು ಮೂಲೆ ಹಿಡಿದರೆ ಅದನ್ನು ಹಟವೆಂದು ಬಗೆಯದೆ ಹತ್ತಿರ ಕುಳಿತು ಕೇಳಬೇಕು. ಸಂಕೋಚಪಡದೆ ವೈದ್ಯರ ನೆರವು ಪಡೆಯಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ದೊರೆಯುತ್ತದೆ.

ನೀಟ್ ಬರೆದವರು ಸೀಟಿಗೆ ಕಾಯುತ್ತಿದ್ದ ಆ 2024ರ ಆಗಸ್ಟ್ 10ರ ರಾತ್ರಿಯೇ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋಯಿತು. ಗಂಗಾವತಿಯ ಭತ್ತದ ರೈತರ ಎದೆ ಒಡೆಯಿತು. ಒತ್ತಡ ಇಳಿಸಲು ಬೇರೆ ಗೇಟುಗಳನ್ನೂ ತೆರೆದು ನೀರು ಬಿಡಬೇಕಾಯಿತು; ಹರಿಯುವ ನೀರಿನಲ್ಲೇ ವಾರದೊಳಗೆ ತಾತ್ಕಾಲಿಕ ಗೇಟು ಕೂಡಿಸಿದರು. ಹೋದ ನೀರಿಗೆ ಮರುಗುತ್ತ ಕುಳಿತಿದ್ದರೆ ಇದ್ದ ನೀರೂ ಉಳಿಯುತ್ತಿರಲಿಲ್ಲ.

ಸೀಟು ಮಗುವಿನ ಯೋಗ್ಯತೆಗೆ ಕೊಟ್ಟ ತೀರ್ಪಲ್ಲ. ಮೊದಲ ಸುತ್ತಿನಲ್ಲಿ ಬಾರದ್ದು ಎರಡನೆಯದರಲ್ಲಿ ಬಂದೀತು. ಬಾರದಿದ್ದರೆ ಪಟ್ಟಿಯ ಕೆಳಗಿನ ಹಾದಿಯೂ ದುಡಿದು ಬಾಳುವ ಹಾದಿಯೇ. ಅಲ್ಲಿಯವರೆಗೆ ಮಕ್ಕಳ ಕೈಗೆ ಒಂದಿಷ್ಟು ಕೆಲಸ, ಹೊತ್ತಿಗೆ ಊಟ, ಕಿವಿಗೆ ಒಳ್ಳೆಯ ಮಾತು ಸಿಗುವಂತೆ ನೋಡಿಕೊಳ್ಳುವುದು ಹಿರಿಯರ ಕರ್ತವ್ಯ.