‘90 ನಂಬರ್ ಐತೇನ್ರಿ?’ ಅಂತ ಕೇಳಿದ್ರ ಸಾಲದು

ಕುರ್ತಕೋಟಿಯಿಂದ ಗದಗ ಮಾರ್ಕೆಟ್‌ಗೆ ಉಳ್ಳಾಗಡ್ಡಿ ಒಯ್ಯುವ ಪಿಕಪ್ ಇರಲಿ, ಮನೆ ಕಾರ್ ಇರಲಿ, ಗೇರ್ ಆಯಿಲ್ ಅಂದ್ರ ನಾವು ಕೇಳೋದು ‘90 ನಂಬರ್’ ಅಷ್ಟೇ. ಇಲ್ಲಾಂದ್ರ ಟ್ರ್ಯಾಕ್ಟರ್‌ಗೆ ತಂದು ಉಳಿದದ್ದನ್ನೇ ಸುರೀತೀವಿ. ಇದು ತಪ್ಪು.

90 ಎಣ್ಣೆಯ ದಪ್ಪ ಮಾತ್ರ ಹೇಳ್ತದ. ಡಬ್ಬಿ ಮೇಲಿನ ಜಿಎಲ್-4, ಜಿಎಲ್-5 ಕೂಡ ಓದ್ರಿ. ಜಿಎಲ್-5ರಲ್ಲಿ ಗಂಧಕ, ರಂಜಕದ ಅಂಶ ಹೆಚ್ಚು. ಹಿಂದಿನ ಡಿಫರೆನ್ಷಿಯಲ್‌ಗೆ ಅದು ಚಲೋ. ಆದರೆ ಅನೇಕ ಗೇರ್‌ಬಾಕ್ಸ್‌ಗಳಲ್ಲಿರುವ ಹಿತ್ತಾಳೆಯ ಸಿಂಕ್ರೊ ರಿಂಗ್‌ಗಳನ್ನು ಅದು ಸವೆಸಬಹುದು. ಆಮ್ಯಾಲೆ ಗೇರ್ ಹಾಕುವಾಗ ಕರ್‌ ಅಂತದ. ದೊಡ್ಡ ನಂಬರ್ ಅಂದ್ರ ಒಳ್ಳೇದು ಅನ್ನೋ ಲೆಕ್ಕ ಇಲ್ಲಿ ನಡೆಯಂಗಿಲ್ಲ.

ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಹಾಕಬ್ಯಾಡ್ರಿ ಅಂತೀವಲ್ಲ, ಇದೂ ಹಂಗ. ಗಾಡಿ ಪುಸ್ತಕದಲ್ಲಿ ಗೇರ್ ಆಯಿಲ್ ಬರೆದ ಪುಟದ ಫೋಟೊ ಮೊಬೈಲ್‌ನಲ್ಲಿ ಇಟ್ಕೊಂಡು ಅಂಗಡಿಯವರಿಗೆ ತೋರಸ್ರಿ. ಸುಗ್ಗಿಯಲ್ಲಿ ಗಾಡಿ ನಿಂತ್ರ ಆಗೋ ನಷ್ಟದ ಮುಂದ ಒಂದು ಡಬ್ಬಿ ಎಣ್ಣೆಯ ಉಳಿತಾಯ ಏನೂ ಅಲ್ಲ.