ಸೋರೆಬುರುಡೆಯ ಪಾಲು ಯಾರಿಗೆ?

ಜಾನಪದ ಹಾಡುವ ಜೋಡಿಗಳಿಗೆ ಈಗ ನಗರಗಳಲ್ಲಿ ಒಳ್ಳೆಯ ಬೇಡಿಕೆ. ಗಂಡ-ಹೆಂಡತಿ, ಅಕ್ಕ-ತಂಗಿ ಇಲ್ಲವೇ ಗೆಳೆಯರಿಬ್ಬರು. ಮೈಮೇಲೆ ಕೈಮಗ್ಗದ ಬಟ್ಟೆ, ಕೈಯಲ್ಲಿ ಏಕತಾರಿ, ಹಾಡುಗಳ ನಡುವೆ ಸರಳ ಬದುಕಿನ ಮಾತು. ಅಮೆರಿಕದ ಸಹೋದರಿಯರಿಬ್ಬರ ‘ರೈಸಿಂಗ್ ಅಪಲಾಚಿಯಾ’ ದೊಡ್ಡ ಕಂಪನಿಗಳ ಹಂಗು ತೊರೆದು, ರೈಲಿನಲ್ಲೂ ಊರೂರು ಸುತ್ತಿ ಹಾಡಿ, ‘ನಿಧಾನ ಸಂಗೀತ’ ಎಂಬುದನ್ನೇ ಒಂದು ಚಳವಳಿ ಮಾಡಿಕೊಂಡಿದೆ. ನಮ್ಮಲ್ಲಿ ಶಿಲ್ಪಾ ಮುಡಬಿ ಮತ್ತು ಆದಿತ್ಯ ಕೊತ್ತಕೋಟ ಕಟ್ಟಿದ ‘ಅರ್ಬನ್ ಫೋಕ್ ಪ್ರಾಜೆಕ್ಟ್’ ಯಲ್ಲಮ್ಮನಾಟದ ಪದಗಳನ್ನು ಬೆಂಗಳೂರಿನ ಕಿವಿಗೆ ಮುಟ್ಟಿಸಿತು. ಇಂಥವರ ಶ್ರದ್ಧೆಯ ಬಗ್ಗೆ ನನಗೆ ತಕರಾರಿಲ್ಲ. ತಕರಾರು ಇರುವುದು ಇವರನ್ನು ಕರೆಸಿ, ಹಾರ ಹಾಕಿ, ಮಣ್ಣಿನ ಲೋಟದಲ್ಲಿ ಚಹಾ ಕೊಟ್ಟು, ಅಲ್ಲಿಗೆ ಪರಿಸರದ ಋಣ ತೀರಿತೆಂದು ಭಾವಿಸುವ ನಮ್ಮಂಥವರ ಬಗ್ಗೆ. ಹಾಡುವವರು ಯಾರ ಹಂಗೂ ಇಲ್ಲದೆ ಬಾಳಬೇಕಾದರೆ ಅವರಿಲ್ಲದೆ ನಡೆಯದ ದಿನವೊಂದು ಊರಿನ ಪಂಚಾಂಗದಲ್ಲಿ ಇರಬೇಕು. ಅವರ ವಾದ್ಯ ಮಾಡುವ ಕೈಗೂ ಅದರಲ್ಲಿ ಪಾಲು ಸಿಗಬೇಕು.

ಮುಂಬಯಿ ಪಕ್ಕದ ಥಾಣೆಯ ಸುತ್ತಮುತ್ತ ನೋಡಿದರೆ ಇದು ನಿಚ್ಚಳವಾಗುತ್ತದೆ. ಜವ್ಹಾರ್ ತಾಲ್ಲೂಕಿನ ವಾಳವಂಡೆಯ ಭಿಕಲ್ಯಾ ಲಾಡಕ್ಯಾ ಧಿಂಡಾ ಅವರಿಗೆ 2026ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. 2014ರ ಆಗಸ್ಟ್ 1ರಂದು ಪಾಲ್ಘರ್ ಬೇರೆ ಜಿಲ್ಲೆಯಾಗುವವರೆಗೆ ವಾಳವಂಡೆ ಥಾಣೆ ಜಿಲ್ಲೆಯ ಹಳ್ಳಿಯೇ. ಧಿಂಡಾ ಅವರದು ತಾರ್ಪಾ. ಒಣಗಿದ ಸೋರೆಬುರುಡೆಗೆ ಎರಡು ಬಿದಿರಿನ ನಳಿಗೆ ಸಿಕ್ಕಿಸಿ, ಸಂದುಗಳಿಗೆ ಜೇನುಮೇಣ ಮೆತ್ತಿ, ತುದಿಗೆ ತಾಳೆಗರಿಯನ್ನು ಕಹಳೆಯ ಬಾಯಿಯಂತೆ ಸುತ್ತಿದರೆ ತಾರ್ಪಾ ಸಿದ್ಧ. ಊದುವವನು ಉಸಿರು ಕಡಿಯುವಂತಿಲ್ಲ. ಕೆನ್ನೆಯಲ್ಲಿ ಗಾಳಿ ಹಿಡಿದಿಟ್ಟುಕೊಂಡು ಮೂಗಿನಿಂದ ಎಳೆದುಕೊಳ್ಳುತ್ತಲೇ ಇರಬೇಕು. ಅವನ ಸುತ್ತ ಸೊಂಟಕ್ಕೆ ಕೈ ಬಳಸಿ ಸುರುಳಿಯಾಗಿ ಕುಣಿಯುವ ವಾರ್ಲಿ ಆದಿವಾಸಿಗಳ ಚಿತ್ರವನ್ನು ನಾವೆಲ್ಲ ಚೀಲ, ಚಾದರ, ಹೋಟೆಲಿನ ಗೋಡೆಗಳ ಮೇಲೆ ಕಂಡಿದ್ದೇವೆ. ನಡುವೆ ನಿಂತವನು ಹಿಡಿದಿರುವುದು ಏನೆಂದು ಎಷ್ಟು ಮಂದಿ ಕೇಳಿದ್ದೇವೋ! ಚಿತ್ರ ಮಾರುಕಟ್ಟೆ ಸೇರಿತು, ಭೌಗೋಳಿಕ ಗುರುತಿನ ಮುದ್ರೆಯನ್ನೂ ಪಡೆಯಿತು. ವಾದ್ಯ ಊರಲ್ಲೇ ಉಳಿಯಿತು. ಹೊಸ ಬತ್ತ ಮನೆಗೆ ಬರುವ ಕಾಲಕ್ಕೆ ಅದು ಬೇಕೇ ಬೇಕು ಎಂಬ ಕಾರಣಕ್ಕೆ ಉಳಿಯಿತು.

ಥಾಣೆ ಜಿಲ್ಲೆಯದೇ ಆದ ಕಲ್ಯಾಣದ ಕತೆ ಬೇರೆ ಜಾಡಿನದು. 2004ರಲ್ಲಿ ತೀರಿಕೊಂಡ ಗಾಯಕ ಪ್ರಹ್ಲಾದ ಶಿಂದೆ, ಅವರ ಮಕ್ಕಳಾದ ಆನಂದ-ಮಿಲಿಂದ ಜೋಡಿ ಮರಾಠಿ ಮನೆಮನೆಗೆ ತಲುಪಿದ್ದು ಕ್ಯಾಸೆಟ್ಟಿನ ಮೂಲಕ. ಅಲ್ಲಿ ಬಿದಿರೂ ಇಲ್ಲ, ಸೋರೆಯೂ ಇಲ್ಲ; ಇರುವುದು ಎಲೆಕ್ಟ್ರಾನಿಕ್ ಅಬ್ಬರ. ಆದರೂ ‘ಸ್ವತಂತ್ರ’ ಎಂಬ ಮಾತಿಗೆ ಆ ಮನೆತನಕ್ಕಿಂತ ಗಟ್ಟಿ ಉದಾಹರಣೆ ಈ ಭಾಗದಲ್ಲಿ ಸಿಗುವುದು ಕಷ್ಟ. ಏಪ್ರಿಲ್ 14ರ ಅಂಬೇಡ್ಕರ್ ಜಯಂತಿ ಬಂತೆಂದರೆ ಭೀಮಗೀತೆ ಬೇಕು, ಆಷಾಢ ಬಂತೆಂದರೆ ವಿಠಲನ ಹಾಡು ಬೇಕು. ಕೇಳುವ ಜನರೇ ಪೋಷಕರು. ಉತ್ಸವ ಸಮಿತಿಯ ಇಮೇಲಿಗೆ ಕಾಯುವ ಪ್ರಮೇಯವಿಲ್ಲ. ಸರಳ ಬದುಕಿನ ಜೋಡಿಗಳು ಇಲ್ಲಿಂದ ಕಲಿಯಬೇಕಾದ್ದಿದೆ, ರುಚಿ ಹಿಡಿಸದಿದ್ದರೂ.

ನವಿಮುಂಬಯಿಯಲ್ಲಿ ಇದೇ ಲೆಕ್ಕ ತಿರುಗುಮುರುಗು. ಉಪ್ಪಿನ ಮಡಿಗಳಲ್ಲೂ ಗದ್ದೆಗಳಲ್ಲೂ ದುಡಿದ ಆಗ್ರಿಗಳ, ಮೀನು ಹಿಡಿಯುವ ಕೋಳಿ ಸಮುದಾಯದವರ ಊರುಗಳವು. 1970ರಲ್ಲಿ ಹುಟ್ಟಿದ ಸರ್ಕಾರಿ ನಗರ ನಿರ್ಮಾಣ ನಿಗಮ ಸಿಡ್ಕೋ 95 ಹಳ್ಳಿಗಳ ಭೂಮಿಯ ಮೇಲೆ ನಗರ ಬರೆಯಿತು. ಪರಿಹಾರಕ್ಕಾಗಿ ದಿ.ಬಾ. ಪಾಟೀಲರ ನೇತೃತ್ವದಲ್ಲಿ ನಡೆದ ಹೋರಾಟದಲ್ಲಿ, 1984ರ ಜನವರಿಯಲ್ಲಿ ಉರಣ ತಾಲ್ಲೂಕಿನಲ್ಲಿ ಐವರು ಗುಂಡಿಗೆ ಬಲಿಯಾದರು. ಅಷ್ಟೆಲ್ಲ ಕಳೆದುಕೊಂಡ ಮೇಲೂ ಆಗ್ರಿ ಮದುವೆಗಳಲ್ಲಿ ಧವಲಾರಿಣಿಯರು ಉಳಿದಿದ್ದಾರೆ. ಹಾಡಿನಲ್ಲೇ ಶಾಸ್ತ್ರ ನಡೆಸುವ ಹೆಂಗಸರು ಅವರು. ಹಾಗೆಂದು ನೆಮ್ಮದಿಯಿಂದ ಇರುವಂತಿಲ್ಲ. ಅದೇ ಮದುವೆಯ ಅರಿಶಿನದ ರಾತ್ರಿಗೆ ಈಗ ಡಿಜೆ ಬಂದಿದೆ. ಸದ್ದಿನ ಕಾಟಕ್ಕೆ ಥಾಣೆಯ ವೈದ್ಯ ಮಹೇಶ ಬೇಡೇಕರ್ ಹೈಕೋರ್ಟಿನ ಮೆಟ್ಟಿಲೇರಿ, 2016ರಲ್ಲಿ ಖಡಕ್ಕಾದ ಆದೇಶ ಬಂದರೂ ಪೆಂಡಾಲುಗಳು ತಣ್ಣಗಾಗಿಲ್ಲ. ಇತ್ತ ಬೇಲಾಪುರದ ಅರ್ಬನ್ ಹಾಟ್‌ನಲ್ಲಿ ದೇಶದ ಎಲ್ಲ ಮೂಲೆಯ ಕರಕುಶಲ ವಸ್ತು ಮಾರಾಟಕ್ಕುಂಟು. ಕೂಗಳತೆಯ ಹಳ್ಳಿಯ ಧವಲಾರಿಣಿಗೆ ಅಲ್ಲಿ ಪ್ರತಿವಾರ ಒಂದು ಸಂಜೆ ಕೊಡಲು ಸಿಡ್ಕೋಗೆ ಏನು ತೊಂದರೆ?

ವಾದ್ಯ ಮಾಡುವವನ ವಿಷಯಕ್ಕೆ ಬರುತ್ತೇನೆ. ಮಿರಜಿನ ಸಿತಾರ್ ಮತ್ತು ತಾನ್ಪುರಕ್ಕೆ 2024ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅವುಗಳ ಬುರುಡೆ ಬೆಳೆಯುವುದು ಪಂಢರಪುರ, ಮಂಗಳವೇಢೆಯ ಹೊಲಗಳಲ್ಲಿ. ಬಿಜ್ಜಳನ ಕರಣಿಕನಾಗಿ ಬಸವಣ್ಣ ಇದ್ದ ಮಂಗಳವಾಡ ಅದೇ. ತನ್ನ ತಲೆಯನ್ನೇ ಸೋರೆಬುರುಡೆ ಮಾಡಿಕೊಂಡು ನುಡಿಸೆಂದು ಕೂಡಲಸಂಗನನ್ನು ಬೇಡಿದವನಿಗೆ ಆ ಹೊಲಗಳ ಪರಿಚಯವಿತ್ತೇ ಎಂದು ಆಗಾಗ ಅನ್ನಿಸುತ್ತದೆ. ಬುರುಡೆ ಬಲಿಯಬೇಕು, ತಿಂಗಳುಗಟ್ಟಲೆ ಒಣಗಬೇಕು, ಒಡೆದದ್ದು ಹೋಗಿ ದುಂಡಗಿರುವುದು ಮಾತ್ರ ಕುಶಲಕರ್ಮಿಯ ಕೈ ಸೇರಬೇಕು. ಸೋರೆ ಬಿಟ್ಟು ಬೇರೆ ಬೆಳೆ ಹಾಕಿದರೆ ರೈತನನ್ನು ದೂರುವಂತಿಲ್ಲ, ಅವನಿಗೂ ಸಾಲದ ಕಂತು ಇದೆ. ಕೂದಲೆಳೆಯಷ್ಟು ಬಿರುಕಿಗೂ ನಾದ ಒಡೆಯುವ ಈ ಕಸುಬಿನಲ್ಲಿ ನಷ್ಟವೆಲ್ಲ ಮಾಡುವವನ ತಲೆಗೆ, ಚಪ್ಪಾಳೆ ವೇದಿಕೆಗೆ. ಪರಿಸರಸ್ನೇಹಿ ಎಂದು ನಾವು ಹೊಗಳುವ ವಾದ್ಯದ ನಿಜವಾದ ಖರ್ಚು ಬರೆಯುವ ಖಾತೆ ಯಾವ ಕಾರ್ಯಕ್ರಮದ ಲೆಕ್ಕಪತ್ರದಲ್ಲೂ ಇಲ್ಲ.

ಡೊಂಬಿವಲಿ, ಥಾಣೆ, ನವಿಮುಂಬಯಿಯ ಕನ್ನಡ ಸಂಘಗಳು ಈ ಖಾತೆ ತೆರೆಯಬಹುದು. ಯಕ್ಷಗಾನದ ಮೇಳ ಕರೆಸಿ ಗೊತ್ತಿರುವವರು ನಾವು. ವೇಷಕ್ಕೆ, ಹಿಮ್ಮೇಳಕ್ಕೆ, ಪ್ರಯಾಣಕ್ಕೆ ಬೇರೆಬೇರೆ ಲೆಕ್ಕ ಬರೆಯುವ ರೂಢಿ ನಮಗಿದೆ. ನವೆಂಬರಿನ ರಾಜ್ಯೋತ್ಸವಕ್ಕೆ ಯಲ್ಲಮ್ಮನ ಪದ ಹಾಡುವ ಚೌಡಿಕೆ-ತುಂತುಣಿಯ ಒಂದು ಜೋಡಿಯನ್ನು ಬೆಳಗಾವಿ ಕಡೆಯಿಂದ ಕರೆಸಿದರೆ ಇಬ್ಬರ ರೈಲು ಟಿಕೆಟ್ಟು, ಎರಡು ಹೊತ್ತಿನ ಊಟ, ಮರ್ಯಾದೆಯ ಸಂಭಾವನೆ. ಚಿಕ್ಕ ಸಭಾಂಗಣವಾದರೆ ಮೈಕಿನ ಬಾಡಿಗೆಯೂ ಉಳಿಯುತ್ತದೆ. ಆ ಉಳಿಕೆಯನ್ನು ಚೌಡಿಕೆಗೆ ಚರ್ಮ ಬಿಗಿದವನ ಹೆಸರಿಗೆ ಕಳಿಸಿ, ಆಮಂತ್ರಣ ಪತ್ರಿಕೆಯಲ್ಲಿ ಅಧ್ಯಕ್ಷರ ಹೆಸರಿನ ಕೆಳಗೆ ಅವನದನ್ನೂ ಅಚ್ಚು ಹಾಕಿಸಬೇಕು. ಜೋಡಿಯನ್ನು ಮರುವರ್ಷವೂ ಅದೇ ದಿನಕ್ಕೆ ಗೊತ್ತು ಮಾಡಿ, ಮುಂಗಡವನ್ನು ಅವರು ರೈಲು ಹತ್ತುವ ಮೊದಲೇ ಕೈಗಿಡಬೇಕು.