ಗಾಳ ಹಿಡಿದ ಕೈಗೆ ಕುಂಚವೂ ಒಗ್ಗುತ್ತದೆ

“ಮಗನಿಗೆ ಹದಿಮೂರು ವರ್ಷ. ಶಾಲೆ ಬಿಟ್ಟೊಡನೆ ಗಾಳ ಹಿಡಿದು ಕೆರೆ ಕಡೆ ಓಡ್ತಾನೆ. ತರೋದು ನಾಲ್ಕು ಪುಡಿ ಮೀನು. ಬಂದ ಮೇಲೆ ಲೆಕ್ಕದ ನೋಟ್‌ಬುಕ್ ತುಂಬ ಮೀನು, ಕೊಕ್ಕರೆ ಚಿತ್ರ ಬರೀತಾ ಕೂತಿರ್ತಾನೆ. ಅವರಪ್ಪ ಗಾಳದ ಕೋಲು ಮುರಿದು ಹಾಕಿದರು. ಇವನು ಮುಂದೆ ಏನಾಗ್ತಾನೆ ಅಕ್ಕಾ?” ಕೆರೆಬಿಳಚಿಯ ಸೋದರಿಯೊಬ್ಬರ ಪ್ರಶ್ನೆ ಇದು.

ಏನಾಗ್ತಾನೆ ಅಂತ ಭವಿಷ್ಯ ಹೇಳಲು ನನಗೆ ಬಾರದು. ಆದರೆ ಇದೇ ಹುಚ್ಚು ಹಿಡಿಸಿಕೊಂಡಿದ್ದ ಒಬ್ಬರ ವಿಷಯ ಹೇಳ್ತೀನಿ, ಕೇಳಿ.

ನಿಮ್ಮ ಚನ್ನಗಿರಿ ತಾಲ್ಲೂಕು 1997ರವರೆಗೆ ಶಿವಮೊಗ್ಗ ಜಿಲ್ಲೆಗೇ ಸೇರಿತ್ತಲ್ಲ, ಆ ಜಿಲ್ಲೆಯ ಕುಪ್ಪಳಿಯಲ್ಲಿ 1938ರಲ್ಲಿ ಹುಟ್ಟಿದವರು ಪೂರ್ಣಚಂದ್ರ ತೇಜಸ್ವಿ. ಕುವೆಂಪು ಅವರ ಮಗ, ಕನ್ನಡ ಎಂ.ಎ. ಓದಿದವರು. ಮೇಷ್ಟ್ರಾಗುತ್ತಾರೆ ಎಂದುಕೊಂಡರೆ ಮೂಡಿಗೆರೆಗೆ ಹೋಗಿ ಕಾಫಿ ತೋಟ ಮಾಡಿದರು. ಬಿಡುವಾದರೆ ಗಾಳ ಹಿಡಿದು ಹೊಳೆ ದಂಡೆಗೆ. ಹರೆಯದಲ್ಲಿ ಕೋವಿ ಹಿಡಿದು ಶಿಕಾರಿಗೆ ಹೋಗುತ್ತಿದ್ದವರು, ಆಮೇಲೆ ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ಬಿದ್ದರು. ಚಿತ್ರ ಬರೆದರು, ಕಥೆ ಬರೆದರು. ‘ಪರಿಸರದ ಕಥೆ’ ಓದಿದವರಿಗೆ ಅವರ ನಾಯಿ ಕಿವಿಯೂ ಗೊತ್ತು, ಮೀನು ಶಿಕಾರಿಯ ಫಜೀತಿಗಳೂ ಗೊತ್ತು. 2007ರಲ್ಲಿ ತೀರಿಕೊಂಡರು. ಅವರು ತೆಗೆದ ಹಕ್ಕಿಗಳ ಚಿತ್ರಗಳನ್ನು ಜನ ಇಂದಿಗೂ ನಿಂತು ನೋಡುತ್ತಾರೆ.

ಮೀನಿಗೂ ಚಿತ್ರಕ್ಕೂ ಏನು ಸಂಬಂಧ ಅಂತೀರಾ? ಕಾಯುವುದು, ಅಷ್ಟೇ. ಗಾಳ ಹಾಕಿದವನು ಮಾತಾಡುವಂತಿಲ್ಲ, ಮಿಸುಕುವಂತಿಲ್ಲ. ನೀರಿನ ಮೇಲಿನ ಬೆಂಡು ಒಂದಿಷ್ಟು ನಡುಗಿದರೂ ಗೊತ್ತಾಗಬೇಕು. ಹಕ್ಕಿಯ ಫೋಟೋ ತೆಗೆಯುವವನದೂ ಇದೇ ಪಾಡು. ಆಗಿನ ಫಿಲ್ಮ್ ರೋಲಿನಲ್ಲಿ 36 ಚಿತ್ರ. ತೊಳೆಸಿ ತರುವವರೆಗೆ ಯಾವುದು ಬಂತು, ಯಾವುದು ಕೆಟ್ಟಿತು ಎಂದು ತಿಳಿಯುತ್ತಿರಲಿಲ್ಲ. ತಾಳ್ಮೆ ಇಲ್ಲದವರಿಗೆ ಆ ಕೆಲಸವಲ್ಲ.

ನಿಮ್ಮೂರಿನ ಮಗ್ಗುಲಲ್ಲೇ ಸೂಳೆಕೆರೆ ಇದೆ. ಶಾಂತವ್ವೆ ಕಟ್ಟಿಸಿದಳೆಂದು ಕಥೆ ಇರುವ ಶಾಂತಿಸಾಗರ. ಅಲ್ಲಿ ಕೂರುವ ಹುಡುಗನನ್ನು ಒಂದು ಪ್ರಶ್ನೆ ಕೇಳಿ ನೋಡಿ: “ಮಿಂಚುಳ್ಳಿ ಮೀನು ಹಿಡಿಯೋದು ಹೇಗೋ?” ಕಪ್ಪು-ಬಿಳಿ ಮಿಂಚುಳ್ಳಿ ನೀರಿನ ಮೇಲೆ ಗಾಳಿಯಲ್ಲೇ ರೆಕ್ಕೆ ಬಡಿಯುತ್ತಾ ನಿಂತು, ಗುರಿ ನೋಡಿ ತಲೆಕೆಳಗಾಗಿ ಬೀಳುತ್ತದೆ. ಕಂದು ತಲೆ, ಬಿಳಿ ಎದೆಯ ಗದ್ದೆ ಮಿಂಚುಳ್ಳಿ ತಂತಿಯ ಮೇಲೆ ಕೂತು ಕಾಯುತ್ತದೆ. ನೀರಿಲ್ಲದ ಕಡೆಯೂ ಮಿಡತೆ ಹಿಡಿದು ಬದುಕುತ್ತದೆ. ಮಗ ಇವೆರಡನ್ನೂ ಬೇರೆ ಬೇರೆಯಾಗಿ ಹೇಳಿದರೆ ಅವನು ಕಾಲ ಕಳೆಯುತ್ತಿಲ್ಲ, ಕಲಿಯುತ್ತಿದ್ದಾನೆ.

ಹಾಗಂತ ಪುಸ್ತಕ ಮುಚ್ಚಿಡಲಿ ಎಂದು ನಾನು ಹೇಳುವುದಿಲ್ಲ. ತೇಜಸ್ವಿಯವರೂ ಓದು ಮುಗಿಸಿಯೇ ಹೊರಟವರು. ಗಾಳ, ಕ್ಯಾಮೆರಾಗಳ ಜೊತೆಗೆ ತೋಟದ ದುಡಿಮೆಯೂ ಇತ್ತು. ಅಂಥವರೊಡನೆ ಸಂಸಾರ ಮಾಡುವುದು ಹೇಗಿತ್ತು ಎಂಬುದನ್ನು ಅವರ ಹೆಂಡತಿ ರಾಜೇಶ್ವರಿಯವರೇ ‘ನನ್ನ ತೇಜಸ್ವಿ’ಯಲ್ಲಿ ಬರೆದಿದ್ದಾರೆ. 2021ರಲ್ಲಿ ಅವರೂ ಹೋದರು. ಲೈಬ್ರರಿಯಲ್ಲಿ ಸಿಕ್ಕರೆ ತಂದು ಓದಿ. ನಿಮ್ಮ ಯಜಮಾನರಿಗೂ ಓದಲು ಕೊಡಿ.

ಈಗ ನೀವು ಮಾಡಬೇಕಾದ್ದು ಇಷ್ಟು. ಗೆರೆ ಇಲ್ಲದ ನೋಟ್‌ಬುಕ್ ಒಂದು, ಪೆನ್ಸಿಲ್ ಒಂದು ಕೊಡಿಸಿ. ಲೆಕ್ಕದ ಪುಸ್ತಕ ಲೆಕ್ಕಕ್ಕೇ ಇರಲಿ. ಕ್ಯಾಲೆಂಡರ್ ನೋಡಿ ಬರೆಯುವುದು ಬೇಡ, ಕಣ್ಣಲ್ಲಿ ಕಂಡದ್ದನ್ನೇ ಬರೆಯಲಿ. ಪ್ರತಿ ಚಿತ್ರದ ಕೆಳಗೆ ತಾರೀಖು, ಹೊತ್ತು, ಹಕ್ಕಿ ಏನು ಮಾಡುತ್ತಿತ್ತು ಎಂಬ ಒಂದು ಸಾಲು ಇರಲಿ. ಮೀನು ತಂದ ದಿನ ಅಡುಗೆಮನೆಯಲ್ಲಿ ನಿಮ್ಮ ಪಕ್ಕ ಕೂರಿಸಿಕೊಳ್ಳಿ. ಕಿವಿರು ಕೆಂಪಗಿದ್ದರೆ, ಕಣ್ಣು ತಿಳಿಯಾಗಿದ್ದರೆ ತಾಜಾ ಮೀನು ಎಂದು ನಿಮಗೆ ಗೊತ್ತಲ್ಲ, ಅದನ್ನು ತೋರಿಸಿ. ಹುರುಪೆ ಒಂದರ ಮೇಲೊಂದು ಹೆಂಚಿನಂತೆ ಹೊದ್ದಿರುವುದನ್ನು ಬೆರಳಾಡಿಸಿ ನೋಡಲಿ. ಚಿತ್ರದ ಪಾಠ ಅದೇ.

ಕಟ್ಟುನಿಟ್ಟೂ ಬೇಕು. ಒಬ್ಬನೇ ಹೋಗಕೂಡದು, ಈಜು ಕಲಿಯಲೇಬೇಕು. ತೂಬಿನ ಹತ್ತಿರ ನೀರಿನ ಸೆಳೆತ ಇರುತ್ತದೆ, ಅಲ್ಲಿ ಇಳಿಯಲೇಬಾರದು. ತುಂಡಾದ ನೈಲಾನ್ ದಾರವನ್ನು ದಂಡೆಯಲ್ಲಿ ಬಿಟ್ಟು ಬಂದರೆ ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ. ಸುತ್ತಿ ಮನೆಗೆ ತರಲಿ. ಮೊದಲ ಮಳೆಗೆ ಮೊಟ್ಟೆ ತುಂಬಿಕೊಂಡು ಹರಿವಿಗೆ ಎದುರಾಗಿ ಹತ್ತುವ ಮೀನನ್ನು ಹಿಡಿಯಬಾರದು. ತಾಯಿ ಮೀನು ಉಳಿದರೆ ತಾನೇ ನಾಳೆ ಕೊಕ್ಕರೆಗೂ ಮೀನು, ಮಿಂಚುಳ್ಳಿಗೂ ಮೀನು!

ಕೋಲು ಮುರಿದರೆ ಇನ್ನೊಂದು ಬಿದಿರು ಸಿಗುತ್ತದೆ. ಮುರಿದ ಆಸಕ್ತಿಗೆ ಅಂಗಡಿ ಇಲ್ಲ, ಸೋದರಿ. ಒಂದು ಭಾನುವಾರ ಬುತ್ತಿ ಕಟ್ಟಿಕೊಂಡು ನೀವಿಬ್ಬರೂ ಅವನ ಜೊತೆ ಕೆರೆ ಏರಿಗೆ ಹೋಗಿ ಬನ್ನಿ.